ಉಗುರುಕತ್ತರಿಯೂ ವಿಮಾನಯಾನವೂ

ಉಗುರು, ಕೂದಲುಗಳನ್ನು ಅಂಕೆಯಲ್ಲಿಡುವ ಸಲಕರಣೆಗಳು ಮನುಷ್ಯನ ಸಂಗಡ ಬಹು ಹಿಂದಿನ ಕಾಲದಿಂದ ನಡೆದುಬಂದಿವೆ. ಸಿಂಧೂ ಕಣಿವೆಯ ಮೊಹೆಂಜೊದಾರೋದಲ್ಲಿ ಲೋಹದ ಕ್ಷೌರದ ಕತ್ತಿಗಳು ದೊರೆತಿವೆ. ಹರಪ್ಪದ ಅಗೆತದಲ್ಲಿ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಚಿಮಟ, ಚುಚ್ಚುಗಡ್ಡಿ ಈ ಮೂರೂ ಒಟ್ಟಿಗಿದ್ದ ಒಂದು ಕಟ್ಟು ಸಿಕ್ಕಿದೆ. ನಾಲ್ಕು ಸಾವಿರ ವರ್ಷಗಳ ತರುವಾಯ ಧಾರವಾಡದ ಸುಭಾಸ ರಸ್ತೆಯ ಯಾವ ಅಂಗಡಿಗೆ ಹೋದರೂ ಹೆಚ್ಚುಕಡಿಮೆ ಅವೇ ವಸ್ತುಗಳು ಜಿಪ್ಪು ಹಾಕಿದ ಪುಟ್ಟ ಚೀಲದಲ್ಲಿ ಮಾರಾಟಕ್ಕಿರುತ್ತವೆ. ತಾಮ್ರದ ಬದಲು ಉಕ್ಕು ಬಂದಿದೆ. ಉಗುರು ಕತ್ತರಿಸುವ ನೇಲ್ ಕಟ್ಟರೊಂದು ಹೊಸದಾಗಿ ಸೇರಿಕೊಂಡಿದೆ.

ಈ ದೀರ್ಘಕಾಲದಲ್ಲಿ ಪ್ರಯಾಣಿಕನ ಉಗುರುಕತ್ತರಿಯನ್ನು ಕುರಿತು ಸರಕಾರಗಳು ಚಿಂತಿಸತೊಡಗಿದುದು ಕಳೆದ ಕೆಲವು ದಶಕಗಳಲ್ಲಿ ಮಾತ್ರ. ಎತ್ತಿನ ಗಾಡಿಯನ್ನೇರಿದವನನ್ನಾಗಲಿ, ಹುಬ್ಬಳ್ಳಿಯಿಂದ ರೈಲು ಹಿಡಿದವನನ್ನಾಗಲಿ, “ನಿಮ್ಮ ಚೀಲದಲ್ಲಿ ಬ್ಲೇಡು ಇದೆಯೇ?” ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ವಿಮಾನವನ್ನೇರುವವನನ್ನು ಕೇಳುತ್ತಾರೆ. ಹೀಗೆ ಕೇಳುವುದು ಸರಿಯೆ, ಸರಿಯಾದರೆ ಎಷ್ಟರ ಮಟ್ಟಿಗೆ ಸರಿ, ಆ ಕುರಿತ ನಿಯಮ ಹೇಗಿರಬೇಕು ಎಂಬುದನ್ನು ಭೌತವಿಜ್ಞಾನದ ಬೆಳಕಿನಲ್ಲಿ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇಷ್ಟು ಸಣ್ಣ ಮಾತು ವಿದ್ಯಾರ್ಥಿಗಳಿಗೇತಕ್ಕೆಂದು ವಾಚಕರು ಕೇಳಬಹುದು. ನಾವು ವಾಸಿಸುವ ಸಪ್ತಾಪುರವು ವಿದ್ಯಾರ್ಥಿಗಳ ಬೀಡು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ವಾಚನಾಲಯಗಳು, ಬಾಡಿಗೆಯ ಕೋಣೆಗಳು, ಖಾನಾವಳಿಗಳು ಇಲ್ಲಿ ಒತ್ತೊತ್ತಾಗಿವೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರುಗಳಿಂದ ಬಂದ ತರುಣ ತರುಣಿಯರು ಇಲ್ಲಿ ವರ್ಷಗಟ್ಟಲೆ ಓದುತ್ತಾರೆ. ಅವರಲ್ಲಿ ಕೆಲವರಿಗೆ ಒಂದು ದಿನ ದೆಹಲಿಯಿಂದಲೋ ಮುಂಬಯಿಯಿಂದಲೋ ಸಂದರ್ಶನದ ಕರೆ ಬರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಹೊಸ ಕಟ್ಟಡ 2017ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಮರುವರ್ಷದಿಂದ ಉಡಾನ್ ಯೋಜನೆಯ ವಿಮಾನಗಳು ಅಲ್ಲಿಂದ ಹಾರಿದವು. ಅಂದಿನಿಂದ ತಮ್ಮ ಮನೆತನದಲ್ಲಿಯೇ ಮೊದಲಿಗರಾಗಿ ವಿಮಾನವನ್ನೇರಿದ ವಿದ್ಯಾರ್ಥಿಗಳು ನಮ್ಮ ನೆರೆಹೊರೆಯಲ್ಲಿಯೇ ಹಲವರಿದ್ದಾರೆ.

ಇಂತಹ ವಿದ್ಯಾರ್ಥಿಯ ಸಾಮಾನು ಬಹು ಸ್ವಲ್ಪ. ಸಾಮಾನ್ಯವಾಗಿ 7 ಕಿಲೋಗ್ರಾಮಿನ ಮಿತಿಯುಳ್ಳ ಒಂದು ಕೈಚೀಲ. ಅದರಲ್ಲಿ ಪ್ರಮಾಣಪತ್ರಗಳ ಕಡತ, ಇಸ್ತ್ರಿ ಮಾಡಿದ ಅಂಗಿ, ತಾಯಿ ಕಟ್ಟಿಕೊಟ್ಟ ರೊಟ್ಟಿ-ಚಟ್ನಿಪುಡಿ, ಸಂದರ್ಶನದ ಬೆಳಗ್ಗೆ ಮುಖಕ್ಷೌರಕ್ಕೆಂದು ಒಂದು ರೇಜರು, ಬ್ಲೇಡಿನ ಪೊಟ್ಟಣ, ಮೀಸೆ ಕತ್ತರಿಸುವ ಕತ್ತರಿ. ತಪಾಸಣೆಯ ಯಂತ್ರದೊಳಗೆ ಚೀಲ ಹೋಗುತ್ತದೆ. ಹೊರಬಂದೊಡನೆ ಸಿಬ್ಬಂದಿಯೊಬ್ಬರು ಅದನ್ನು ಬದಿಗೆ ಸರಿಸುತ್ತಾರೆ. ನೂರಾರು ಜನರ ಕಣ್ಣೆದುರು ಚೀಲ ಬಿಚ್ಚಿಸಿ, ಬ್ಲೇಡು ಕತ್ತರಿಗಳನ್ನು ತೆಗೆಸಿ ಡಬ್ಬಿಗೆ ಹಾಕಿಸುತ್ತಾರೆ. ನಷ್ಟ ನೂರಿನ್ನೂರು ರೂಪಾಯಿಯದು. ಆದರೆ ಆ ತರುಣನ ಮನಸ್ಸಿನಲ್ಲಿ ಉಳಿಯುವ ಭಾವನೆ ಅಷ್ಟು ಅಗ್ಗದ್ದಲ್ಲ. “ಇದನ್ನು ಮೊದಲೇ ಏಕೆ ಹೇಳಲಿಲ್ಲ? ಹೋದ ಸಲ ಬೇರೊಂದು ಊರಿನಲ್ಲಿ ನನ್ನ ಗೆಳೆಯನ ನೇಲ್ ಕಟ್ಟರನ್ನು ಬಿಟ್ಟರಲ್ಲ, ನನ್ನದನ್ನೇಕೆ ಕಸಿದುಕೊಂಡರು?” ಎಂದು ಅವನು ಕೇಳುತ್ತಾನೆ. ಉತ್ತರ ದೊರೆಯದಿದ್ದರೆ, ನಿಯಮವೆಂಬುದು ಎದುರಿಗಿರುವವನ ಇಚ್ಛೆಯೆಂದು ತಿಳಿಯುತ್ತಾನೆ. ನಾಳೆ ಆಡಳಿತದ ಕುರ್ಚಿಯಲ್ಲಿ ಕುಳಿತು ತಾನೇ ನಿಯಮಗಳನ್ನು ಜಾರಿಗೊಳಿಸಬೇಕಾದ ತರುಣನಲ್ಲಿ ಈ ತಿಳಿವಳಿಕೆ ಬೇರೂರುವುದು ಒಳ್ಳೆಯದಲ್ಲ.

ಮೊದಲು ನಿಯಮದ ಪರವಾದ ಮಾತನ್ನು ಆಲಿಸೋಣ. ನಮ್ಮ ದೇಶದ ವಿಮಾನ ಭದ್ರತೆಯ ವ್ಯವಸ್ಥೆಯೆಲ್ಲ ಕಹಿ ಅನುಭವಗಳ ಫಲ. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸಿನ ವಿಮಾನವೊಂದು ಅಪಹರಣಕ್ಕೊಳಗಾಯಿತು. ಆ ಬಳಿಕ ನೇಮಕವಾದ ಪಾಂಡೆ ಸಮಿತಿಯ ಸಲಹೆಯಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಒಂದು ಚಿಕ್ಕ ಘಟಕವಾಗಿ ಹುಟ್ಟಿತು. 1985ರ ಜೂನ್ 23ರಂದು ‘ಕನಿಷ್ಕ’ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಬಾಂಬಿಗೆ ಸಿಡಿದು 329 ಜನರು ಮಡಿದರು. 1987ರ ಏಪ್ರಿಲ್ 1ರಿಂದ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನವನ್ನು ಕಂದಹಾರಕ್ಕೆ ಒಯ್ದರಷ್ಟೆ. ಆಗ ಅದರಲ್ಲಿದ್ದ ತರುಣ ಪ್ರಯಾಣಿಕನೊಬ್ಬನು ಇರಿತದಿಂದ ಪ್ರಾಣ ಕಳೆದುಕೊಂಡನು. ಮರುವರ್ಷ, 2000ದ ಫೆಬ್ರುವರಿಯಲ್ಲಿ ಜಯಪುರದಿಂದ ಮೊದಲುಗೊಂಡು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ವಿಮಾನ ನಿಲ್ದಾಣಗಳ ಕಾವಲನ್ನು ವಹಿಸಿಕೊಳ್ಳತೊಡಗಿತು.

2001ರ ಸೆಪ್ಟೆಂಬರ್ 11ರ ಘಟನೆಯನ್ನು ಅರಿಯದವರಿಲ್ಲ. ಅಮೆರಿಕದ ನಾಲ್ಕು ವಿಮಾನಗಳನ್ನು ಅಪಹರಿಸಿದವರ ಬಳಿ ಇದ್ದ ಆಯುಧಗಳು ಚಿಕ್ಕ ಅಲಗಿನವು. 4 ಇಂಚಿಗಿಂತ ಚಿಕ್ಕ ಅಲಗುಗಳನ್ನು ಕೈಯಲ್ಲಿ ಒಯ್ಯಲು ಅಂದಿನ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಅಂಗೈಯಲ್ಲಿ ಅಡಗುವ ಒಂದು ಅಲಗು ಸಾವಿರಾರು ಜನರ ಮರಣಕ್ಕೆ ದಾರಿಯಾದೀತೆಂಬುದು ಲೋಕಕ್ಕೆ ಆ ದಿನ ತಿಳಿಯಿತು. ಆದುದರಿಂದ, “ಇಷ್ಟು ಚಿಕ್ಕ ಕತ್ತರಿಯಿಂದ ಏನಾದೀತು?” ಎಂದು ನಗುವವರಿಗೆ ಭದ್ರತಾ ಸಿಬ್ಬಂದಿಯು ಕೊಡಬಹುದಾದ ಉತ್ತರ ಇದ್ದೇ ಇದೆ.

ಇನ್ನು ಎದುರುಪಕ್ಷದ ಮಾತು. 2001ರ ತರುವಾಯ ವಿಮಾನದೊಳಗೇ ಒಂದು ದೊಡ್ಡ ಮಾರ್ಪಾಡಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕಟ್ಟಳೆಯಂತೆ, 60ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ವಿಮಾನಗಳಲ್ಲಿ ಚಾಲಕರ ಕೋಣೆಗೆ, ಒಳಗಿನಿಂದ ಅಗುಳಿ ಹಾಕುವ, ಚಿಕ್ಕ ಗುಂಡಿಗೂ ಜಗ್ಗದ ಗಟ್ಟಿ ಬಾಗಿಲು 2003ರ ನವೆಂಬರಿನಿಂದ ಕಡ್ಡಾಯವಾಯಿತು. ಚಿಕ್ಕ ಊರುಗಳಿಗೆ ಹಾರುವ 70ಕ್ಕೂ ಹೆಚ್ಚು ಆಸನಗಳ ಎಟಿಆರ್ ವಿಮಾನವೂ ಈ ಲೆಕ್ಕದೊಳಗೆ ಬರುತ್ತದೆ. ಚಾಲಕನನ್ನು ಮುಟ್ಟಲಾರದವನು ಉಗುರುಕತ್ತರಿಯನ್ನು ಹಿಡಿದು ವಿಮಾನದ ದಿಕ್ಕನ್ನು ಬದಲಿಸಲಾರ. ಈ ಕಾರಣದಿಂದಲೇ ಅಮೆರಿಕವು 2005ರ ಡಿಸೆಂಬರಿನಲ್ಲಿ ತನ್ನ ನಿಯಮವನ್ನು ಸಡಿಲಿಸಿ, ತಿರುಗುಣಿಯಿಂದ ತುದಿಯವರೆಗೆ 4 ಇಂಚಿಗಿಂತ ಚಿಕ್ಕದಾದ ಕತ್ತರಿಗಳನ್ನು ಒಳಗೆ ಬಿಡತೊಡಗಿತು. ತಪಾಸಕರು ಕತ್ತರಿಗಳನ್ನು ಹುಡುಕುವ ಕಾಲವನ್ನು ಸ್ಫೋಟಕಗಳನ್ನು ಹುಡುಕುವುದರಲ್ಲಿ ಕಳೆಯಲಿ ಎಂಬುದು ಅಲ್ಲಿಯ ಅಧಿಕಾರಿಗಳ ವಾದವಾಗಿತ್ತು. ಯುರೋಪ್ ಒಕ್ಕೂಟದ ನಿಯಮವು ತಿರುಗುಣಿಯಿಂದ 6 ಸೆಂಟಿಮೀಟರಿನವರೆಗಿನ ಕತ್ತರಿಯನ್ನು ಒಪ್ಪುತ್ತದೆ. ನಮ್ಮಲ್ಲಿ ಚೂಪು ಮೊನೆಯ ಲೋಹದ ಕತ್ತರಿಗೂ ಬಿಡಿ ಬ್ಲೇಡಿಗೂ ಕೈಚೀಲದಲ್ಲಿ ಎಡೆಯಿಲ್ಲ. ನೇಲ್ ಕಟ್ಟರು, ಚಿಮಟಗಳ ವಿಷಯದಲ್ಲಿ ಮಾತ್ರ ಒಂದೊಂದು ಕಡೆ ಒಂದೊಂದು ನಡವಳಿಕೆಯನ್ನು ಪ್ರಯಾಣಿಕರು ಕಾಣುತ್ತಾರೆ.

ಈ ಎರಡು ಪಕ್ಷಗಳ ನಡುವೆ ತೀರ್ಮಾನಕ್ಕೆ ಬರಬೇಕಾದರೆ, ತಪಾಸಣೆಯ ಯಂತ್ರವು ಏನನ್ನು ನೋಡಬಲ್ಲುದು, ಏನನ್ನು ನೋಡಲಾರದು ಎಂಬುದನ್ನು ತಿಳಿಯಬೇಕು.

ಚೀಲವನ್ನು ನೋಡುವುದು ಕ್ಷ-ಕಿರಣ. 1895ರಲ್ಲಿ ರೋಂಟ್‌ಗೆನ್ನನು ಇದನ್ನು ಕಂಡುಹಿಡಿದಾಗ ತನ್ನ ಹೆಂಡತಿಯ ಕೈಯ ಚಿತ್ರವನ್ನು ತೆಗೆದನಷ್ಟೆ. ಅದರಲ್ಲಿ ಮಾಂಸ ಮಸುಕಾಗಿಯೂ ಮೂಳೆ ಕಪ್ಪಾಗಿಯೂ ಉಂಗುರ ಎಲ್ಲಕ್ಕಿಂತ ಕಪ್ಪಾಗಿಯೂ ಮೂಡಿತ್ತು. ವಿಮಾನ ನಿಲ್ದಾಣದ ಯಂತ್ರದ ತತ್ತ್ವವೂ ಅದೇ. ಪರಮಾಣುಸಂಖ್ಯೆ ಹೆಚ್ಚಿದ್ದಷ್ಟೂ, ದಪ್ಪ ಹೆಚ್ಚಿದ್ದಷ್ಟೂ ಕಿರಣವು ಹೆಚ್ಚಾಗಿ ಹೀರಲ್ಪಡುತ್ತದೆ. ಹೆಚ್ಚು ಶಕ್ತಿಯ ಮತ್ತು ಕಡಿಮೆ ಶಕ್ತಿಯ ಕಿರಣಗಳು ಎಷ್ಟೆಷ್ಟು ಹೀರಲ್ಪಟ್ಟವೆಂಬುದನ್ನು ಹೋಲಿಸಿ ಯಂತ್ರವು ವಸ್ತುವಿನ ಜಾತಿಯನ್ನು ಊಹಿಸುತ್ತದೆ. ಬಟ್ಟೆ, ರೊಟ್ಟಿ, ಸಾಬೂನು ಮೊದಲಾದ ಹಗುರ ಧಾತುಗಳ ಪದಾರ್ಥಗಳನ್ನು ಕಿತ್ತಳೆ ಬಣ್ಣದಲ್ಲಿಯೂ, ಲೋಹಗಳನ್ನು ನೀಲಿಯಲ್ಲಿಯೂ, ನಡುವಣವುಗಳನ್ನು ಹಸಿರಿನಲ್ಲಿಯೂ ತೋರಿಸುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಿನೋಡೋಣ. ಕ್ಷೌರದ ಬ್ಲೇಡಿನ ಅಗಲ ಸುಮಾರು 22 ಮಿಲಿಮೀಟರು, ದಪ್ಪ ಕೇವಲ 0.1 ಮಿಲಿಮೀಟರು. 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕ್ಷ-ಕಿರಣಕ್ಕೆ ಕಬ್ಬಿಣದ ಹೀರಿಕೆಯ ಗುಣಾಂಕ ಸೆಂಟಿಮೀಟರಿಗೆ ಸುಮಾರು 3. ಬ್ಲೇಡು ಕಿರಣಕ್ಕೆ ಮುಖಮಾಡಿ ಮಲಗಿದ್ದರೆ ಕಿರಣವು ದಾಟಬೇಕಾದ ಉಕ್ಕು ಸೆಂಟಿಮೀಟರಿನ ನೂರರಲ್ಲೊಂದು ಭಾಗ. ನೂರು ಪಾಲಿನಲ್ಲಿ 97 ಪಾಲು ಕಿರಣ ದಾಟಿಹೋಗುತ್ತದೆ. ಬ್ಲೇಡಿನ ಛಾಯೆ ಪರದೆಯ ಮೇಲೆ ಕಂಡೂ ಕಾಣದಂತಿರುತ್ತದೆ. ಅದೇ ಬ್ಲೇಡು ಅಂಚನ್ನು ಕಿರಣದತ್ತ ಮಾಡಿ ನಿಂತಿದ್ದರೆ ಕಿರಣವು ಅಗಲದುದ್ದಕ್ಕೂ ಸಾಗಬೇಕು. ನಡುವಣ ಸೀಳನ್ನು ಕಳೆದರೂ ನೂರರಲ್ಲಿ ಒಂದು ಪಾಲು ಸಹ ದಾಟದು. ಆದರೆ ಆಗ ಕಾಣುವುದು ಕೂದಲೆಳೆಯಂತಹ ಒಂದು ಕಪ್ಪು ಗೆರೆ. ಒಂದೇ ಬ್ಲೇಡು ಇಟ್ಟ ಭಂಗಿಯನ್ನು ಅನುಸರಿಸಿ ಒಮ್ಮೆ ಮಸುಕು, ಒಮ್ಮೆ ಗೆರೆ! ಇದಕ್ಕಾಗಿಯೇ ಎರಡು ದಿಕ್ಕುಗಳಿಂದ ನೋಡುವ ಯಂತ್ರಗಳೂ, ಆಸ್ಪತ್ರೆಯ ಸಿಟಿ ಯಂತ್ರದಂತೆ ಸುತ್ತಲೂ ನೋಡುವ ಯಂತ್ರಗಳೂ ಬಂದಿವೆ. ಒಂದೇ ಕತ್ತರಿ ಹೋಗುವಾಗ ದಾಟಿ, ಬರುವಾಗ ಸಿಕ್ಕಿಬೀಳುವುದರಲ್ಲಿ ಸಿಬ್ಬಂದಿಯ ಪಕ್ಷಪಾತವನ್ನೇ ಕಾಣಬೇಕಾಗಿಲ್ಲ. ಅನೇಕ ವೇಳೆ ಅದು ಜ್ಯಾಮಿತಿಯ ಆಟ.

ಪ್ರಯಾಣಿಕನು ನಡೆದುಹೋಗುವ ಚೌಕಟ್ಟಿನ ಕೆಲಸವೇ ಬೇರೆ. 1831ರಲ್ಲಿ ಫ್ಯಾರಡೆಯು ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ ಅದರದು. ಬದಲಾಗುವ ಕಾಂತಕ್ಷೇತ್ರವು ಲೋಹದಲ್ಲಿ ಸುಳಿಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳ ಪ್ರತಿಕ್ಷೇತ್ರವನ್ನು ಸುರುಳಿಗಳು ಗ್ರಹಿಸುತ್ತವೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡೇಟಾದಾಗ, ದೂರವಾಣಿಯ ಬೆಲ್ಲನು ಇಂತಹುದೇ ಉಪಕರಣದಿಂದ ದೇಹದೊಳಗಿನ ಗುಂಡನ್ನು ಹುಡುಕಲು ಯತ್ನಿಸಿದನು. ಗುಂಡು ಸಿಗಲಿಲ್ಲ, ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳೂ ಅವನ ಉಪಕರಣವನ್ನು ದಾರಿತಪ್ಪಿಸಿದವು. ಯಂತ್ರವು “ಲೋಹವಿದೆ” ಎನ್ನಬಲ್ಲುದೇ ಹೊರತು “ಕೇಡಿದೆ” ಎನ್ನಲಾರದು. ಆ ಎರಡನೆಯ ಮಾತನ್ನು ಹೇಳುವವನು ಮನುಷ್ಯ. ನಮ್ಮ ವಿಚಾರದ ತಿರುಳು ಇರುವುದು ಇಲ್ಲಿಯೇ.

ಪರದೆಯ ಮುಂದೆ ಕುಳಿತ ಆ ಮನುಷ್ಯನ ಗಮನವೇ ನಿಲ್ದಾಣದ ಅತ್ಯಂತ ಬೆಲೆಬಾಳುವ ಉಪಕರಣ. ಅದಕ್ಕೆ ಮಿತಿಯುಂಟು. ರಾಡಾರ್ ಪರದೆಗಳನ್ನು ನೋಡುತ್ತ ಕುಳಿತ ಸೈನಿಕರು ಗುರುತುಗಳನ್ನು ಏಕೆ ತಪ್ಪಿಸಿಬಿಡುತ್ತಾರೆಂಬುದನ್ನು ಅರಿಯಲು ಇಂಗ್ಲೆಂಡಿನ ಮ್ಯಾಕ್‌ವರ್ತ್ ಎಂಬ ವಿಜ್ಞಾನಿಯು ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುವ ಒಂದು ಗಡಿಯಾರವನ್ನು ಮಾಡಿಸಿ ಪ್ರಯೋಗ ನಡೆಸಿದನು. 1948ರಲ್ಲಿ ಪ್ರಕಟವಾದ ಅವನ ಫಲಿತಾಂಶದಂತೆ, ಅರ್ಧ ಗಂಟೆಯೊಳಗೇ ನೋಡುವವನ ಎಚ್ಚರ ಇಳಿಯುತ್ತದೆ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಹುಡುಕುವ ವಸ್ತು ನೂರು ಚಿತ್ರಗಳಲ್ಲಿ 50ರಲ್ಲಿದ್ದಾಗ ನೋಡುವವರು 7 ಪ್ರತಿಶತದಷ್ಟನ್ನು ಮಾತ್ರ ತಪ್ಪಿಸಿದರು. ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ 30 ಪ್ರತಿಶತದಷ್ಟನ್ನು ತಪ್ಪಿಸಿದರು. ಅಪರೂಪವಾದುದನ್ನು ಕಣ್ಣು ಕಾಣಲೊಲ್ಲದು! ನಿಜವಾದ ಆಯುಧವು ನೂರರಲ್ಲೊಂದಕ್ಕಿಂತಲೂ ಎಷ್ಟೋ ಅಪರೂಪ. ಈ ಕುಂದನ್ನು ನೀಗಲೆಂದೇ ಯಂತ್ರಗಳು ನಡುನಡುವೆ ಆಯುಧಗಳ ಸುಳ್ಳುಚಿತ್ರಗಳನ್ನು ಪರದೆಯ ಮೇಲೆ ಮೂಡಿಸಿ ತಪಾಸಕನನ್ನು ಎಚ್ಚರವಾಗಿಡುತ್ತವೆ.

ಇನ್ನೂ ಒಂದು ಮಾತು. ಎದೆಯ ಕ್ಷ-ಕಿರಣ ಚಿತ್ರವನ್ನು ನೋಡುವ ವೈದ್ಯರಿಗೆ ಬಹುಕಾಲದಿಂದ ತಿಳಿದ ಒಂದು ಬಲೆಯುಂಟು: ಒಂದು ದೋಷ ಕಣ್ಣಿಗೆ ಬಿದ್ದೊಡನೆ ಹುಡುಕಾಟ ಮುಗಿಯಿತೆಂಬ ತೃಪ್ತಿ ಮನಸ್ಸಿಗೆ ಉಂಟಾಗಿ, ಪಕ್ಕದಲ್ಲಿಯೇ ಇರುವ ಎರಡನೆಯ ದೋಷವು ತಪ್ಪಿಹೋಗುತ್ತದೆ. ಚೀಲದ ಚಿತ್ರಕ್ಕೂ ಇದೇ ನ್ಯಾಯ. ಉಗುರುಕತ್ತರಿ ಸಿಕ್ಕಿತೆಂಬ ತೃಪ್ತಿಯಲ್ಲಿ ಬೇರೇನು ತಪ್ಪಿಹೋಗಬಹುದೋ ಹೇಳುವವರಾರು?

ಲೆಕ್ಕಕ್ಕಾಗಿ ಒಂದು ಊಹೆಯನ್ನು ಇಟ್ಟುಕೊಳ್ಳೋಣ. ಒಂದು ಸಾಲಿನಲ್ಲಿ ಗಂಟೆಗೆ 120 ಚೀಲಗಳು ಬರುತ್ತವೆ. ಅವುಗಳಲ್ಲಿ 12ರಲ್ಲಿ ಬ್ಲೇಡು, ಕತ್ತರಿ, ನೇಲ್ ಕಟ್ಟರು ಮೊದಲಾದ ಸಾಧು ವಸ್ತುಗಳಿವೆ. ಒಂದನ್ನು ಬಿಚ್ಚಿ, ತೋರಿಸಿ, ವಾದಿಸಿ, ಮತ್ತೆ ಕಟ್ಟಲು 3 ನಿಮಿಷ ಬೇಕಾದರೆ, ಒಬ್ಬ ಸಿಬ್ಬಂದಿಯ ಗಂಟೆಯೊಂದರಲ್ಲಿ 36 ನಿಮಿಷಗಳು ಉಗುರು ಮತ್ತು ಮೀಸೆಗಳ ಪಾಲಾಗುತ್ತವೆ. ಆ 36 ನಿಮಿಷಗಳನ್ನು ನಾವು ಯಾರಿಂದ ಕಸಿದುಕೊಂಡೆವು? ಅದೇ ವಿಮಾನದಲ್ಲಿ ಕುಳಿತುಕೊಳ್ಳತಕ್ಕ ನಮ್ಮಿಂದಲೇ.

ನಮ್ಮ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳಬಹುದು. ನಿಯಮ ಕಠಿನವೋ ಸಡಿಲವೋ ಎಂಬುದಕ್ಕಿಂತ, ಅದು ಅಳೆಯಲು ಬರುವಂತಹುದೋ ಅಲ್ಲವೋ ಎಂಬುದೇ ಮುಖ್ಯ. ಅಳತೆಯಿಲ್ಲದ ನಿಯಮವು ಕಾವಲುಗಾರನನ್ನು ಪ್ರತಿ ಚೀಲದ ಮುಂದೆಯೂ ನ್ಯಾಯಾಧೀಶನನ್ನಾಗಿ ಮಾಡುತ್ತದೆ. ಅವನ ಗಮನವನ್ನು ಚೂರುಚೂರು ಮಾಡುತ್ತದೆ. ಪ್ರಯಾಣಿಕನಲ್ಲಿ ಮುನಿಸನ್ನು ಬಿತ್ತುತ್ತದೆ.

“ಪೆನ್ನು ಚುಚ್ಚುವುದಿಲ್ಲವೇ, ಕಂಪಾಸ್ ಪೆಟ್ಟಿಗೆಯ ಕೈವಾರ ಚುಚ್ಚುವುದಿಲ್ಲವೇ? ಕತ್ತರಿಗೆ ಮಾತ್ರ ಏಕೆ ಕಟ್ಟು?” ಎಂದು ಚತುರ ವಿದ್ಯಾರ್ಥಿಯು ಕೇಳುವನು. ಪ್ರಶ್ನೆ ನ್ಯಾಯವಾದುದೇ. ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ ಲಬ್ಧ. 10 ನ್ಯೂಟನ್ ಬಲವು 1 ಚದರ ಮಿಲಿಮೀಟರಿನ ಮೊಂಡುತುದಿಯ ಮೇಲೆ ಬಿದ್ದರೆ ವಾಯುಭಾರದ ನೂರರಷ್ಟು ಒತ್ತಡವಾಗುತ್ತದೆ. ಮೊನೆಯನ್ನು ಮಸೆದು ಕ್ಷೇತ್ರಫಲವನ್ನು ಅದರ ನೂರರಲ್ಲೊಂದಕ್ಕೆ ಇಳಿಸಿದರೆ ಅದೇ ಬಲವು ವಾಯುಭಾರದ ಹತ್ತು ಸಾವಿರದಷ್ಟು ಒತ್ತಡವನ್ನು ಹುಟ್ಟಿಸುತ್ತದೆ. ಹಾಗಾದರೆ ಅಪಾಯವನ್ನು ನಿರ್ಣಯಿಸುವ ಅಂಶಗಳು ಎರಡು: ಮೊನೆಯ ಚೂಪು, ಅಲಗಿನ ಉದ್ದ. ಎರಡೂ ಅಳತೆಗೆ ಸಿಗತಕ್ಕವು. ಕೈವಾರ ಇವುಗಳಲ್ಲಿ ಒಂದನ್ನು ಮೀರುವುದಾದರೆ ಅದೂ ಡಬ್ಬಿಗೆ ಹೋಗಲಿ. ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡು ಬದಿಗಳಲ್ಲಿರುವವರಿಗೆ ಹೆಚ್ಚಿನ ಅಂತರವಿರುವುದಿಲ್ಲ. ತೇರ್ಗಡೆಗೆ ಒಂದು ಅಂಕ ಕಡಿಮೆ ಬಿದ್ದವನು ದಡ್ಡನಲ್ಲವೆಂದು ಪರೀಕ್ಷಕನೂ ಬಲ್ಲ. ಆದರೂ ಆ ಗೆರೆಯನ್ನು ನಾವು ಒಪ್ಪುತ್ತೇವೆ. ಏಕೆಂದರೆ ಅದು ಪರೀಕ್ಷೆಗೆ ಮೊದಲೇ ತಿಳಿದಿರುತ್ತದೆ, ಎಲ್ಲರಿಗೂ ಒಂದೇ ಆಗಿರುತ್ತದೆ.

ಆದಕಾರಣ ನಮ್ಮ ಸೂಚನೆಗಳು ಮೂರು. ಮೊದಲನೆಯದು: ಮೊಂಡುತುದಿಯ, ತಿರುಗುಣಿಯಿಂದ 6 ಸೆಂಟಿಮೀಟರು ಮೀರದ ಕತ್ತರಿ, ನೇಲ್ ಕಟ್ಟರು, ಚಿಮಟ ಇವನ್ನು ದೇಶದ ಎಲ್ಲ ನಿಲ್ದಾಣಗಳಲ್ಲಿಯೂ ಒಂದೇ ರೀತಿಯಾಗಿ ಬಿಡಬೇಕು, ಚೂಪು ಮೊನೆಯ ಕತ್ತರಿಯನ್ನೂ ಬಿಡಿ ಬ್ಲೇಡನ್ನೂ ಚಾಕುವನ್ನೂ ಎಲ್ಲೆಡೆಯೂ ತಡೆಯಬೇಕು. ಎರಡನೆಯದು: ಕೈಚೀಲದ ಗಾತ್ರವನ್ನು ನೋಡಲು ವಿಮಾನ ಕಂಪನಿಗಳು ಲೋಹದ ಚೌಕಟ್ಟನ್ನು ಇಟ್ಟಿರುತ್ತವೆಯಷ್ಟೆ. ಅದರಂತೆಯೇ 6 ಸೆಂಟಿಮೀಟರಿನ ಒಂದು ಕುಳಿಯುಳ್ಳ ಹಲಗೆಯನ್ನು ದೊಡ್ಡ ಸಾಮಾನು ಒಪ್ಪಿಸುವ ಕಟ್ಟೆಗೂ ಮೊದಲೇ ಇಡಬೇಕು; ಪಕ್ಕದಲ್ಲಿ ಒಯ್ಯಬಹುದಾದ, ಒಯ್ಯಲಾಗದ ವಸ್ತುಗಳ ಚಿತ್ರಗಳನ್ನು ಕನ್ನಡದಲ್ಲಿ ಹೆಸರು ಬರೆದು ತೂಗುಹಾಕಬೇಕು. ಟಿಕೆಟ್ಟಿನ ಜೊತೆಗೆ ಬರುವ ಉದ್ದನೆಯ ಇಂಗ್ಲಿಷ್ ಪಟ್ಟಿಯನ್ನು ಹೊಸ ಪ್ರಯಾಣಿಕರಲ್ಲಿ ಎಷ್ಟು ಮಂದಿ ಓದಿಯಾರು? ಮೂರನೆಯದು: ತಡೆದ ವಸ್ತುವನ್ನು ಅಂಚೆಯಲ್ಲಿ ಮನೆಗೆ ಕಳುಹಿಸಲು ಒಂದು ಪೆಟ್ಟಿಗೆ, ನಾಲ್ಕು ಲಕೋಟೆಗಳು ತಪಾಸಣೆಯ ಬಳಿಯಲ್ಲಿರಬೇಕು. ತಂದೆಯ ಕಾಲದ ರೇಜರನ್ನು ಕಸದ ಪಾಲಾಗಿಸುವುದು ಭದ್ರತೆಗೆ ಅಗತ್ಯವಾದ ಕೆಲಸವಲ್ಲ.

ಇದಕ್ಕೆ ಬರಬಹುದಾದ ಬಲವಾದ ಆಕ್ಷೇಪವೊಂದನ್ನು ಮರೆಮಾಚಲಾಗದು. 2013ರಲ್ಲಿ ಅಮೆರಿಕದ ಅಧಿಕಾರಿಗಳು ಸುಮಾರು 6 ಸೆಂಟಿಮೀಟರಿನವರೆಗಿನ ಚಾಕುಗಳನ್ನೂ ಬಿಡಲು ಹೊರಟಾಗ ಗಗನಸಖಿಯರೂ ಇತರ ಸಿಬ್ಬಂದಿಯೂ ಬಲವಾಗಿ ವಿರೋಧಿಸಿದರು. ಆ ವರ್ಷದ ಜೂನಿನಲ್ಲಿ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳಲಾಯಿತು. ಗಟ್ಟಿಬಾಗಿಲು ಚಾಲಕನನ್ನು ಕಾಯುತ್ತದೆ, ಬಾಗಿಲಿನ ಹೊರಗೆ ನಿಂತವರನ್ನು ಕಾಯುವವರಾರು ಎಂಬುದು ಅವರ ಪ್ರಶ್ನೆ. ವಿಮಾನ ಸುರಕ್ಷಿತವಾಗಿ ಇಳಿದರೆ ಸಾಲದು; ಅದರಲ್ಲಿ ದುಡಿಯುವ ಒಬ್ಬ ತರುಣಿಯ ಮುಖಕ್ಕೆ ಗಾಯವಾಗಬಾರದು. ಈ ಮಾತಿಗೆ ನಾವು ತಲೆಬಾಗುತ್ತೇವೆ. ಚಾಕುವನ್ನೂ ಬಿಡಿ ಬ್ಲೇಡನ್ನೂ ಚೂಪು ಮೊನೆಯನ್ನೂ ನಮ್ಮ ಸೂಚನೆಯಿಂದ ಹೊರಗಿಟ್ಟುದಕ್ಕೆ ಇದೇ ಕಾರಣ. ಇಂಚು ಇಂಚಾಗಿ ನಿಯಮವನ್ನು ಸಡಿಲಿಸುವುದು ನಮ್ಮ ಬೇಡಿಕೆಯಲ್ಲ. ಎಳೆದ ಗೆರೆ ಎಲ್ಲರ ಕಣ್ಣಿಗೂ ಕಾಣಲಿ ಎಂಬುದಷ್ಟೇ ಬೇಡಿಕೆ.

ಅಳೆಯಬಲ್ಲ ನಿಯಮ ಎಷ್ಟು ಸುಲಭವಾದುದೆಂಬುದಕ್ಕೆ ಅದೇ ನಿಲ್ದಾಣದಲ್ಲಿಯೇ ಒಳ್ಳೆಯ ಉದಾಹರಣೆಯುಂಟು. ಲಿಥಿಯಮ್ ಬ್ಯಾಟರಿಗಳಿಗೆ 100 ವ್ಯಾಟ್-ಗಂಟೆಯ ಮಿತಿಯನ್ನು ಇಟ್ಟಿದ್ದಾರೆ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಲೆಕ್ಕಹಾಕಬಲ್ಲನು. 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿಗೆ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಗಂಟೆ; ಒಯ್ಯಬಹುದು. ಗಡ್ಡ ಕತ್ತರಿಸುವ ಟ್ರಿಮ್ಮರಿನ 600 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಸುಮಾರು 2.2 ವ್ಯಾಟ್-ಗಂಟೆ, ಚಿಂತೆಯೇ ಇಲ್ಲ. ಇಲ್ಲಿ ವಾದವಿಲ್ಲ, ಕೋಪವಿಲ್ಲ, ಗುಣಾಕಾರವೊಂದೇ.

ಕೊನೆಯದಾಗಿ ವಿದ್ಯಾರ್ಥಿಗಳ ಕರ್ತವ್ಯದ ಮಾತು. ನಿಯಮ ತಿದ್ದುವವರೆಗೆ ಈಗಿರುವ ನಿಯಮವೇ ನಿಯಮ. ಹೊರಡುವ ಮುನ್ನ ವಿಮಾನ ಕಂಪನಿಯ ಅಂದಿನ ಪಟ್ಟಿಯನ್ನು ಒಮ್ಮೆ ನೋಡುವುದು ಅವಶ್ಯ. ಬ್ಲೇಡು, ಕತ್ತರಿ, ಪ್ರಾಣಿಶಾಸ್ತ್ರದ ವಿದ್ಯಾರ್ಥಿಯ ಛೇದನ ಪೆಟ್ಟಿಗೆ ಇವು ನಿಲ್ದಾಣದಲ್ಲಿ ಒಪ್ಪಿಸಿಕೊಡುವ ದೊಡ್ಡ ಸಾಮಾನಿನಲ್ಲಿರಲಿ, ಅಲಗು ಮೊನೆಗಳಿಗೆ ದಪ್ಪ ಬಟ್ಟೆ ಸುತ್ತಿರಲಿ. ತಪಾಸಣೆಗೆಂದು ಅದನ್ನು ತೆರೆಯುವವನ ಬೆರಳೂ ಬೆರಳೇ. ಪವರ್ ಬ್ಯಾಂಕನ್ನು ಮಾತ್ರ ಆ ಸಾಮಾನಿನಲ್ಲಿ ಇಡಕೂಡದು, ಅದು ಕೈಚೀಲದಲ್ಲಿಯೇ ಇರಬೇಕು. ಟ್ರಿಮ್ಮರಿಗೂ ಕೈಚೀಲವೇ ಉತ್ತಮ. ದೊಡ್ಡ ಸಾಮಾನೇ ಇಲ್ಲದವನು ಉಗುರನ್ನು ಸಪ್ತಾಪುರದಲ್ಲಿಯೇ ಕತ್ತರಿಸಿಕೊಂಡು, ಊರು ಮುಟ್ಟಿದ ಮೇಲೆ ಕ್ಷೌರದ ಅಂಗಡಿಯನ್ನು ಹೊಗುವುದು ಮೇಲು. ಪರದೆಯ ಮುಂದೆ ಕುಳಿತವನು ನಮ್ಮ ಶತ್ರುವಲ್ಲ. ಅರ್ಧ ಗಂಟೆಗೇ ದಣಿಯುವ ಕಣ್ಣುಗಳನ್ನು ನಮಗಾಗಿ ತೆರೆದಿಟ್ಟುಕೊಂಡವನು. ನಮ್ಮ ಚೀಲವನ್ನು ಹಸನಾಗಿ ಜೋಡಿಸಿಕೊಂಡು ಹೋದರೆ, ಅವನು ನಿಜವಾಗಿ ಹುಡುಕಬೇಕಾದುದನ್ನು ಹುಡುಕಲು ನಾವು ಅಷ್ಟರ ಮಟ್ಟಿಗೆ ನೆರವಾದಂತೆ. ಅವನಿಗೆ ಅಳತೆಯುಳ್ಳ ನಿಯಮವನ್ನು ಕೊಟ್ಟು ನೆರವಾಗುವ ಸರದಿ ಸರಕಾರದ್ದು.